ಎಡಕ್ಕೆ ತಿರುಗಿದಾಗ

ಹೊಸದುರ್ಗ ದಾಟಿದ ಮೇಲೆ ಎಡಕ್ಕೆ ತಿರುಗಿದಾಗಲೆಲ್ಲ ಕಾರಿನಡಿ ಯಾರೋ ಮೂಳೆ ಮುರಿದಂತೆ ಸದ್ದಾಗುತ್ತಿತ್ತು. ಮಾಡದಕೆರೆಯ ಮೆಕ್ಯಾನಿಕ್, "ಬಯಲಾಗೆ ನಿಧಾನ ಸುತ್ತು ಹೊಡೀರಿ, ಕೇಳಾಣ" ಎಂದ. ಮಲಗಿದ್ದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ನಾನು ಇಳಿದೆ. ಬಯಲಿನ ನಡುವೆ ಕುಂಕುಮ ಹಚ್ಚಿದ ಒಂಟಿ ವೀರಗಲ್ಲಿತ್ತು. ಯಜಮಾನರು ಕಾರಿನಲ್ಲಿ ಅದನ್ನು ಬಲಕ್ಕೆ ಸುತ್ತಿದರು, ಸದ್ದಿಲ್ಲ. ಎಡಕ್ಕೆ ಹೊರಳಿಸಿದರು.

"ಬ್ಯಾಡ್ರೀ, ಅಪ್ರದಕ್ಷಿಣೆ ಆಗ್ತೈತೆ!" ಎಂದೆ.

"ಕಾರಿಗೆಂಥಾ ಶಾಸ್ತ್ರನೇ, ಸುಮ್ನಿರು!"

ಕಟಕ್, ಕಟಕ್. ಕಲ್ಲಿನ ಎದುರಿಗೆ ಬಂದಾಗ ಮುಂದಿನ ಚಕ್ರ ಮಂಡಿಯೂರಿದಂತೆ ಕುಸಿಯಿತು.

ಮೆಕ್ಯಾನಿಕ್ ಬಗ್ಗಿ ನೋಡಿದ. "ಚಕ್ರ ಹಿಡ್ಕೊಂಡಿರೋ ಬಾಲ್ ಜಾಯಿಂಟ್ ಕಳಚೈತೆ. ರೋಡ್ನಾಗೆ ಸ್ಪೀಡಾಗಿದ್ದಿದ್ರೆ ಯಾರೂ ಉಳೀತಿರ್ಲಿಲ್ಲ ಅಮ್ಮಾ."

ಶಿವನ ದಯೆ, ಮಗುವಿಗೆ ಎಚ್ಚರವೂ ಆಗಲಿಲ್ಲ.

ಯಜಮಾನರು ಇಳಿದು ಚಪ್ಪಲಿ ಬಿಟ್ಟರು. "ಎಷ್ಟು ಸುತ್ತು ಬರ್ಬೇಕೇ?" ಎಂದು ಕೇಳಿದರು. ಇಷ್ಟು ವರ್ಷ ಜೊತೆಗಿದ್ದೂ ಆ ದನಿಯ ಗುರುತು ನನಗೆ ಸಿಗಲಿಲ್ಲ.