ಬಾಗಿಲ ಅಂಚಿನ ಬಿಳಿ ಬಣ್ಣ

ನನಗಾಗ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಇಂಗ್ಲಿಷ್ ಅಕ್ಷರ ಬಾರದು.

ನಾನು, ಮಗಳು, ಅಳಿಯ ಜಂಗಮಕೋಟೆ ಪಕ್ಕದ ಊರಿನಲ್ಲಿ ಒಂದೇ ಮನೆಯಲ್ಲಿದ್ದೇವೆ. ಅಳಿಯ ನನ್ನ ತಮ್ಮನ ಮಗನೇ, ನಾನು ಎತ್ತಿ ಆಡಿಸಿದವನು. ಅವರಿಬ್ಬರೂ ಕೆಲಸಕ್ಕೆ ಹೋಗುತ್ತಾರೆ. ರೇಷ್ಮೆ ಹುಳುವಿನ ಪಾಡು ನನ್ನದು. ಆ ವರ್ಷ ಕೆಂಪು ಕಾರು ತಂದರು. ತಂದ ತಿಂಗಳಲ್ಲೇ ಗೌರಿಬಿದನೂರಿನಲ್ಲಿ ಇಳಿಯುವಾಗ ನಾನು ಬಾಗಿಲನ್ನು ಗೋಡೆಗೆ ತಾಗಿಸಿದೆ. ಗೀರು ಬಿತ್ತು. ನಾನೇ ಮಾಡಿದ್ದು ಎಂದು ಅಲ್ಲೇ ಹೇಳಿದೆ. ಹೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಚಿಂತಾಮಣಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟ ಮುಗಿಸಿ, ಮಂಡಿ ನೋವೆಂದು ನಾನೊಬ್ಬಳೇ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಪಕ್ಕದಲ್ಲಿ ಸುಣ್ಣ ಹೊಡೆದ ಒಂದು ಕಲ್ಲುಕಂಬ. ದೊಡ್ಡ ಬಿಳಿ ಕಾರೊಂದು ಹಿಂದಕ್ಕೆ ಬಂದು ನನ್ನ ಪಕ್ಕದ ಬಾಗಿಲ ಅಂಚಿಗೆ ಗುದ್ದಿತು. ಓಡಿಸುತ್ತಿದ್ದವನು ಕಿಟಕಿ ಇಳಿಸಿ ನನ್ನ ಮುಖ ನೋಡಿದ. "ಏನೂ ಆಗಿಲ್ಲ ಬಿಡಜ್ಜಿ" ಎಂದು ಹೊರಟೇ ಹೋದ. ಅವನು ಛತ್ರದ ಗೇಟು ದಾಟುವಷ್ಟರಲ್ಲಿ ನಂಬರು ಓದಿಕೊಂಡೆ.

ನಾನು ಕೂಗಿದ್ದಕ್ಕೆ ಗೇಟು ಕಾಯುವವನು ಬಂದ, ನಡೆದದ್ದು ಹೇಳಿದೆ. "ನೆಂಬರ್ ಚೂಸ್ತಿವಾ ಅವ್ವಾ?" ಎಂದು ತೆಲುಗಿನಲ್ಲಿ ಕೇಳಿದ, ನಂಬರು ನೋಡಿದೆಯಾ ಎಂದು. ನಾಲ್ಕೂ ಅಂಕಿ ಹೇಳಿದೆ.

"ಅದರ ಹಿಂದಿನ ಅಕ್ಷರ?"

ಅಕ್ಷರದ ಕಡೆ ನಾನು ಗಮನ ಕೊಟ್ಟಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಗೂಡು ಮಾರಾಟಕ್ಕೆ ಹಾಕಿದ್ದೇನೆ. ಅಲ್ಲಿ ನಮ್ಮ ಗೂಡಿಗೆ ಒಂದು ಲಾಟ್ ನಂಬರು ಕೊಡುತ್ತಾರೆ, ಆ ಅಂಕಿ ನೆನಪಿದ್ದರೆ ಆಯಿತು, ಮಾಲು ನಮ್ಮದು. ಕಾರಿಗೂ ಅಷ್ಟೇ ಎಂದುಕೊಂಡಿದ್ದೆ. ಅಂಕಿ ಒಂದೇ ಇದ್ದು ಅಕ್ಷರ ಬೇರೆಯಾದರೆ ಕಾರೂ ಬೇರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಗಳು, ಅಳಿಯ ಬಂದರು. ನಡೆದದ್ದು ಹೇಳಿದೆ. "ಅಕ್ಷರ ಒಂದು ಕುಡುಗೋಲಿನ ಹಾಗಿತ್ತು ಅಂತ ಕಾಣುತ್ತೆ ಕಣೋ" ಎಂದೆ.

"ಸ್ಟೇಷನ್‌ಗೆ ಹೋಗಿ ಕುಡುಗೋಲು ಅಂತಾನೇ ಬರೆಸಣವಾ ಅತ್ತೆ?" ಎಂದ ಅಳಿಯ. ಗೇಟಿನವನು ನಕ್ಕ.

ಅಳಿಯ ಬಗ್ಗಿ ಬಾಗಿಲು ನೋಡಿದ. ಅಂಚು ಒಳಕ್ಕೆ ಬಾಗಿ ಅಲ್ಲಿ ಬಿಳಿ ಹತ್ತಿತ್ತು. ಕಂಬ ನೋಡಿದ. ಮತ್ತೆ ಬಾಗಿಲು ನೋಡಿದ.

"ಸುಣ್ಣ ಇದು. ಕಂಬಕ್ಕೆ ಬಾಗಿಲು ಹೊಡೆದಿದ್ದೀಯ. ಹೊಡೆದೆ ಅಂದ್ಬಿಡು ಅತ್ತೆ, ನಾನೇನು ಬೈತೀನಾ? ಇಲ್ಲದ ಬಿಳಿ ಕಾರು ಯಾಕೆ ತರ್ತೀಯ?"

"ಬಾಗಿಲು ನಾನು ತೆಗೆದೇ ಇಲ್ಲ."

"ಹೋಗ್ಲಿ ಬಿಡಮ್ಮ, ಜನ ನೋಡ್ತಾರೆ" ಎಂದಳು ಮಗಳು. ಅವಳೂ ನಂಬಲಿಲ್ಲ.

ಬಾಗಿಲು ರಿಪೇರಿ ಆಗುತ್ತದೆ. ನನಗೆ ಬೇಕಿದ್ದದ್ದು ನನ್ನ ಮಾತು ನಿಲ್ಲುವುದು. ಈ ವಯಸ್ಸಿನಲ್ಲಿ ಒಂದು ಸಲ ಸುಳ್ಳಿ ಅನ್ನಿಸಿಕೊಂಡರೆ ಆಮೇಲೆ ಹೊಟ್ಟೆನೋವು ಅಂದರೂ ಯಾರೂ ನಂಬುವುದಿಲ್ಲ.

ಮಾರನೆ ದಿನ ಬೆಳಗ್ಗೆ ಎದ್ದವಳೇ ಒದ್ದೆ ಬಟ್ಟೆ ಹಿಡಿದು ಕಾರಿನ ಹತ್ತಿರ ಹೋದೆ. ಹುಳು ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಮಲಗಿ, ಪೊರೆ ಬಿಡುವಾಗೆಲ್ಲ ತಟ್ಟೆಗೆ ಸುಣ್ಣದ ಪುಡಿ ಉದುರಿಸುವವಳು ನಾನು. ಸುಣ್ಣ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ. ಇದು ತಿಕ್ಕಿದರೂ ಬಿಡಲಿಲ್ಲ. ಉಗುರಿನಲ್ಲಿ ಕೆರೆದೆ, ಸಿಪ್ಪೆಯ ಹಾಗೆ ಎದ್ದಿತು. ಕಾರಿಗೆ ಹೊಡೆಯುವ ಬಣ್ಣವೇ.

ಹಲ್ಲುಜ್ಜುತ್ತಿದ್ದ ಅಳಿಯನನ್ನು ಕರೆದು ತೋರಿಸಿದೆ. ಅವನೂ ಉಗುರಿನಲ್ಲಿ ಕೆರೆದ.

"ಪೇಂಟೇ ಇದು, ಹೌದು" ಎಂದ. ನನಗೆ ಉಸಿರು ಬಂತು. ಅವನು ಬಾಯಿ ಮುಕ್ಕಳಿಸಿ ಉಗಿದು ಹೇಳಿದ: "ಪಕ್ಕದಲ್ಲಿ ನಿಂತಿದ್ದ ಕಾರಿಗೆ ಬಾಗಿಲು ಹೊಡೆದಿದ್ದೀಯ ಹಂಗಾದ್ರೆ. ಅವನು ನೋಡಿ ಸುಮ್ನೆ ಹೋಗಿದ್ದಾನೆ. ನಮ್ಮ ಪುಣ್ಯ, ಜಗಳಕ್ಕೆ ಬರ್ಲಿಲ್ಲ."

ನಾನು ಬಟ್ಟೆ ಹಿಂಡಿ ಒಣಗಲು ಹಾಕಿದೆ. ಕೆಲಸಕ್ಕೆ ಹೊರಡುವಾಗ ಅವರು ನನ್ನನ್ನು ದಿನವೂ ಹಿಪ್ಪುನೇರಳೆ ತೋಟದ ಹತ್ತಿರ ಇಳಿಸಿ ಹೋಗುತ್ತಿದ್ದರು. ಅಂದೂ ಅಳಿಯ "ಹತ್ತು ಅತ್ತೆ" ಎಂದ. ಸುತ್ತಿಕೊಂಡು ಬಂದು, ನಾನು ಕೈ ಇಡುವ ಮೊದಲೇ, ಬಾಗಿಲು ತಾನೇ ತೆಗೆದು ಹಿಡಿದುಕೊಂಡು ನಿಂತ. ಯಾವತ್ತೂ ಹಾಗೆ ಮಾಡಿದವನಲ್ಲ. ಬಾಗಿಲು ನನ್ನ ಕೈಗೆ ಕೊಡಲು ಇನ್ನು ಅವನಿಗೆ ಧೈರ್ಯವಿಲ್ಲ.

ಸೊಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ನಡೆದುಕೊಂಡೇ ಹೋದೆ.