ಕಂತಮ್ಮನ ಕೈಗೆ ಸಿಕ್ಕ ದವಡೆ

ಆಕೆ ಹಲ್ಲಿನ ಡಾಕ್ಟರ್. ಆದರೂ ಆಕೆಯ ತಮ್ಮ ತಮಾಷೆಗೆ ಇಟ್ಟ ಕಂತಮ್ಮ ಅನ್ನೋ ಹೆಸರೇ ಮನೆಯಲ್ಲಿ ಖಾಯಂ ಆಗಿತ್ತು. ಓದಿಗೆಂದು ಬ್ಯಾಂಕಿನಿಂದ ತಂದ ಸಾಲದ ಕಂತು, ತಲೆಗೂದಲು ನೆರೆಯುವ ಹೊತ್ತಿಗೂ ಮುಗಿದಿರಲಿಲ್ಲ. ಅದರ ದೆಸೆಯಿಂದ ಮದುವೆ ಮುಂದಕ್ಕೆ ಹೋಯಿತು, ಹೋದದ್ದು ಹೋಗಿಯೇಬಿಟ್ಟಿತು. ಮನೆ ಕಟ್ಟುವ ಮಾತನ್ನು ಅಮ್ಮನೇ ನಿಲ್ಲಿಸಿದಳು. ಉಳಿದದ್ದು ಒಂದೇ ಆಸೆ, ಸ್ವಂತದ್ದೊಂದು ಕ್ಲಿನಿಕ್. ಸದ್ಯಕ್ಕೆ ಬೇರೆಯವರ ಕ್ಲಿನಿಕ್ಕಿನಲ್ಲಿ, ಗಾಲಿ ಕಿರುಗುಟ್ಟುವ ಸ್ಟೂಲಿನ ಮೇಲೆ ಕೂತು ದುಡಿಯುತ್ತಿದ್ದಳು. ಕಳೆದ ವಾರ ಹೊಸ ಸಾಲ ಕೇಳಲು ಹೋದರೆ ಬ್ಯಾಂಕ್ ಮ್ಯಾನೇಜರ್, "ಹಳೇದು ತೀರಿಸಿ ಬನ್ನಿ" ಎಂದು ಗಡಿಯಾರ ನೋಡಿದ್ದ. ಆಕೆಗೆ ಮೈಯೆಲ್ಲ ಉರಿದುಹೋಗಿತ್ತು.

ಅದೇ ಆಸಾಮಿ ಈಗ ಕೆನ್ನೆ ಊದಿಸಿಕೊಂಡು ಆಕೆಯ ಕುರ್ಚಿಯಲ್ಲಿ ಮಲಗಿದ್ದ.

ಬಾಯಿಗೆ ಹತ್ತಿ ತುರುಕಿ ಕೊಳವೆ ಸಿಕ್ಕಿಸಿದ ಮೇಲೆಯೇ ರೋಗಿಯನ್ನು ಮಾತಾಡಿಸುವುದು ಹಲ್ಲಿನ ಡಾಕ್ಟರುಗಳ ಹುಟ್ಟುಗುಣ. ಕಂತಮ್ಮ ಅಂದು ಆ ಗುಣಕ್ಕೆ ಕಡಿವಾಣ ಹಾಕಲಿಲ್ಲ.

"ಬಡ್ಡಿ ಜಾಸ್ತಿ ಆಯ್ತು ಅನ್ಸಲ್ವಾ ಸಾರ್?"

"ಆಂ."

"ನನಗೊಂದು ಕ್ಲಿನಿಕ್ ಇರ್ಬೇಕಿತ್ತು, ಅಲ್ವಾ?"

"ಆಂ... ಆಂ."

"ನೋಡು, ಒಪ್ಕೊಂಡ್ರು. ನೀನೇ ಸಾಕ್ಷಿ," ಎಂದು ನರ್ಸ್ ಕಡೆ ತಿರುಗಿದಳು. ನರ್ಸ್ ಮಾಸ್ಕಿನೊಳಗೇ ನಕ್ಕಳು. ಮ್ಯಾನೇಜರ್ ಕಣ್ಣು ಕಣ್ಣು ಬಿಟ್ಟ. ಆದರೆ ಕಂತಮ್ಮ ಸಿಟ್ಟನ್ನು ಬಾಯಲ್ಲೇ ಇಟ್ಟುಕೊಂಡಳು, ಕೈಗೆ ಬರಗೊಡಲಿಲ್ಲ. ಚೂರೂ ನೋವಾಗದಂತೆ ಕೆಲಸ ಮುಗಿಸಿ ಹತ್ತಿ ತೆಗೆದಳು.

"ಈ ಹಲ್ಲಿಗೊಂದು ಕ್ಯಾಪ್ ಹಾಕಿಸ್ಬೇಕು."

ಬೆಲೆ ಕೇಳಿ ಅವನು ಮರಗಟ್ಟಿದ ತುಟಿಯಲ್ಲೇ ತೊದಲಿದ. "ಕಂತಲ್ಲಿ ಕೊಡ್ಬಹುದಾ?"

"ಜಾಮೀನು ಯಾರು?"

ಅವನು ನಗಲಿಲ್ಲ. "ಮಗಳ ಓದಿನ ಸಾಲಕ್ಕೆ ನಾನೇ ಜಾಮೀನು. ಸಂಬಳ ಬಂದ ದಿನಾನೇ ಅದರ ಕಂತು ಹೋಗುತ್ತೆ. ಅವಳಿಗಿನ್ನೂ ಕೆಲ್ಸ ಸಿಕ್ಕಿಲ್ಲ."

"ಏನ್ ಓದಿದಾಳೆ?"

ಅವನು ಆಕೆಯ ಬಿಳಿ ಕೋಟಿನತ್ತ ಬೆರಳು ಮಾಡಿದ. "ಇದೇ. ಹಲ್ಲು."

ನಾಲಿಗೆಯ ತುದಿಗೆ ಬಂದಿದ್ದ ಕೊಂಕನ್ನು ಕಂತಮ್ಮ ನುಂಗಿಕೊಂಡಳು. ಆ ಹುಡುಗಿಯನ್ನು ಕಂಡಿರದಿದ್ದರೂ ಅಯ್ಯೋ ಅನ್ನಿಸಿತು.

"ಯಾವ್ದಾದ್ರೂ ಕ್ಲಿನಿಕ್ಕಲ್ಲಿ ಕೆಲ್ಸ ಖಾಲಿ ಇದ್ರೆ ಹೇಳಿ ಡಾಕ್ಟ್ರೇ," ಎಂದ ಅವನು.

"ನನ್ನ ಕ್ಲಿನಿಕ್ಕಲ್ಲಿ ಇದೆ," ಎಂದಳು ಆಕೆ, ಕೈಗವಸು ಕಳಚುತ್ತ. "ಕ್ಲಿನಿಕ್ ಒಂದಿಲ್ಲ, ಅಷ್ಟೆ."