ಇಟಲಿಯ ಹಾಡಿಗೆ ಧಾರವಾಡದ ವ್ಹಾ

ಹಾಡನ್ನು ಜೋರಾಗಿ ಕೇಳಬೇಕೆನಿಸಿದರೆ ನಾನು ಮನೆ ಬಿಟ್ಟು ಕಾರಿನಲ್ಲಿ ಹೋಗಿ ಕೂರುತ್ತೇನೆ. ನಗಬೇಡಿ. ಜರ್ಮನಿಯ ರೆನ್ನಿಂಗೆನ್ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರವಿಡೀ ರೂಹೆತ್ಸೈಟ್, ಅಂದರೆ ಸದ್ದು ಮಾಡಬಾರದ ಹೊತ್ತು. ಮಿಕ್ಸರಿನಲ್ಲಿ ಶೇಂಗಾ ಹಿಂಡಿ ತಿರುವಿದರೂ ಸಾಕು, ಕೆಳಗಿನ ಮನೆಯ ಅಜ್ಜಿ ಸೋಮವಾರ ಮೆಟ್ಟಿಲ ಬಳಿ ಸಿಕ್ಕಾಗ, ನಿನ್ನೆ ಅಡುಗೆ ಬಹಳ ಜೋರಿತ್ತೇ ಎಂದು ವಿನಯದಿಂದಲೇ ವಿಚಾರಿಸುತ್ತಾರೆ.

ಹಾಗಾಗಿ ಮಗಳು ಮೇಘಾಳನ್ನು ಹ್ಯಾಂಡ್‌ಬಾಲ್ ಪಂದ್ಯಕ್ಕೆ ಬಿಟ್ಟುಬರುವ ಭಾನುವಾರದ ದಾರಿಯೇ ನಮ್ಮ ಸಂಗೀತ ಸಭೆ. ಅವಳಿಗೀಗ ಹದಿನೈದು. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್ನಿನಲ್ಲಿ ಒಂದು ಪದ ಎಸೆದು ಬಾಗಿಲು ಹಾಕಿಕೊಳ್ಳುವ ಹುಡುಗಿ, ಕಾರು ಹತ್ತಿದ ಕೂಡಲೇ ತನ್ನ ಫೋನನ್ನು ಸ್ಪೀಕರಿಗೆ ಜೋಡಿಸಿ “ಪಪ್ಪಾ, ಇದನ್ನ ಕೇಳು” ಎನ್ನುತ್ತಾಳೆ. ಆ ಮಾತಿಗಾಗಿ ನಾನು ವಾರವಿಡೀ ಕಾಯುತ್ತೇನೆ.

ಹಾಗೆ ಒಂದು ದಿನ ಕೇಳಿಸಿದ್ದು ಇಟಲಿಯ ರಾಕ್ ತಂಡವೊಂದರ ಹೊಸ ಆಲ್ಬಮ್. ನಾನೋ ಧಾರವಾಡದವನು. ಸಂಗೀತ ಕಲಿತವನಲ್ಲ, ಜಮಖಾನೆಯ ಮೇಲೆ ಕೂತು ಕೇಳಿ ಬೆಳೆದವನು. ರಾಕ್ ಅಂದರೆ ವಾದ್ಯಗಳ ಜಗಳ, ಗಾಯಕರು ಬಿಡಿಸಲು ಬಂದು ಪೆಟ್ಟು ತಿನ್ನುವವರು ಎಂದೇ ತಿಳಿದಿದ್ದೆ. ಮೊದಲ ಹಾಡಿನಲ್ಲಿ ಡ್ರಮ್ಮು, ಗಿಟಾರು ಎರಡೂ ಏಕಕಾಲಕ್ಕೆ ಮೈಮೇಲೆ ಬಂದಾಗ, ನೋಡಿದೆಯಾ, ನಾನು ಹೇಳಿರಲಿಲ್ಲವೇ ಎಂದುಕೊಂಡೆ. ಅಷ್ಟರಲ್ಲಿ ಆ ಗದ್ದಲದ ನಡುವಿನಿಂದ ಒಂದು ಹೆಣ್ಣುದನಿ ಸರಾಗವಾಗಿ ಮೇಲೆದ್ದಿತು. ಡ್ರಮ್ಮಿನವನು ಅವಳನ್ನು ಅಟ್ಟಿಸಿಕೊಂಡು ಹೋಗಲಿಲ್ಲ; ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಳ್ಳೆಯ ತಬಲಜಿ ಮಾಡುವುದೂ ಅದನ್ನೇ ಅಲ್ಲವೇ? ಗದ್ದಲ ಎಬ್ಬಿಸಬಲ್ಲವರು ಬೇಕಾದಷ್ಟಿದ್ದಾರೆ, ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಕಡಿಮೆ. ಈ ತಂಡದವರು ಬಲ್ಲರು. ಕಾಲು ಕುಣಿಯುತ್ತದೆ, ಎದೆ ತಣ್ಣಗಿರುತ್ತದೆ.

ಇಟಲಿಯ ಹಾಡು ನಮ್ಮ ಕಿವಿಗೆ ಬೇಗ ಒಗ್ಗುವುದಕ್ಕೆ ನನ್ನದೊಂದು ಸಿದ್ಧಾಂತವಿದೆ. ಅವರ ಪದಗಳೂ ಬಹುಪಾಲು ನಮ್ಮವುಗಳಂತೆ ಸ್ವರದಲ್ಲೇ ಮುಗಿಯುತ್ತವೆ. ನಾವು ಬಸ್ಸು, ಕಾರುಗಳಿಗೂ ಉಕಾರದ ಬಾಲ ಅಂಟಿಸದೆ ಬಿಟ್ಟವರಲ್ಲ. ಸ್ವರದಲ್ಲಿ ಮುಗಿದದ್ದನ್ನು ಎಷ್ಟು ಬೇಕಾದರೂ ಎಳೆಯಬಹುದು. ಇದನ್ನು ಮೇಘಾಳಿಗೆ ವಿವರಿಸತೊಡಗಿದೆ. ಅವಳು ವಾಲ್ಯೂಮ್ ಏರಿಸಿದಳು.

ಆ ತಂಡ ಕಾರ್ಯಕ್ರಮ ಕೊಡಲು ಹತ್ತಿರದ ಶ್ಟುಟ್‌ಗಾರ್ಟಿಗೆ ಬಂತು. ಮೇಘಾಳ ವಯಸ್ಸಿನವರ ಜೊತೆ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮವಿದ್ದದ್ದರಿಂದ ನನಗೂ ಟಿಕೆಟ್ ಸಿಕ್ಕಿತು, ಷರತ್ತಿನೊಂದಿಗೆ.

“ನೀ ಬಾ ಪಪ್ಪಾ. ಬಟ್ ನೋ ವ್ಹಾ. ಪ್ರಾಮಿಸ್?”

“ಹೌದ್ರೀ, ಅಲ್ಲೆ ಹೋಗಿ ಒದರಬ್ಯಾಡ್ರಿ,” ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಅನುಮೋದಿಸಿದಳು. “ಧಾರವಾಡ ಅಲ್ಲ ಅದು.”

ನಾನು ಒಪ್ಪಿದೆ. ಆದರೆ ಹಾಡುವವರಿಗೆ ಅಲ್ಲಲ್ಲೇ ದಾದು, ಅಂದರೆ ಮೆಚ್ಚುಗೆಯ ಉದ್ಗಾರ, ಕೊಡುವುದು ನಮ್ಮಲ್ಲಿ ಕೇಳುವವನ ಕರ್ತವ್ಯ. ಗಾಯಕಿ ಎಲ್ಲೆಲ್ಲೋ ಸುತ್ತಾಡಿ ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ನಿಂತಾಗ ಸುಮ್ಮನೆ ಕೂತರೆ, ಊಟ ಬಡಿಸಿದವರತ್ತ ತಲೆ ಎತ್ತಿ ನೋಡದಂತೆ. ಜರ್ಮನರು ಹಾಗಲ್ಲ. ಹಾಡು ಮುಗಿಯುವವರೆಗೆ ಸಂತೋಷವನ್ನು ಬಿಗಿಹಿಡಿದುಕೊಂಡು ಆಮೇಲೆ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ.

ಆ ಸಂಜೆ ಸಭಾಂಗಣದಲ್ಲಿ ಆಲ್ಬಮ್ಮಿನ ಕೊನೆಯ ಹಾಡು ಬಂತು. ಅದರ ನಡುವೆ ಎಲ್ಲ ವಾದ್ಯಗಳೂ ನಿಂತು ಗಾಯಕಿಯ ದನಿ ಮಾತ್ರ ಉಳಿಯುತ್ತದೆ. ಏರಿತು, ಹೊರಳಿತು, ಎಲೆ ಬಿದ್ದಷ್ಟು ಹಗುರವಾಗಿ ಮೊದಲಿನ ಸ್ವರಕ್ಕೇ ಬಂದು ಕೂತಿತು.

“ವ್ಹಾ! ಕ್ಯಾ ಬಾತ್ ಹೈ!”

ಕೂಗಿದ್ದು ನಾನೇ ಎಂದು ಗೊತ್ತಾದದ್ದು ಸುತ್ತಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದಾಗ. ಗಾಯಕಿ ಮುಗುಳ್ನಕ್ಕು ಎದೆಯ ಮೇಲೆ ಕೈಯಿಟ್ಟುಕೊಂಡಳು. ಮೇಘಾ ಅದನ್ನು ನೋಡಲಿಲ್ಲ, ಜಾಕೆಟ್ಟಿನ ಟೊಪ್ಪಿಗೆ ಎಳೆದುಕೊಂಡು ನೆಲ ನೋಡುತ್ತಿದ್ದಳು. ರೈಲಿನಲ್ಲಿ ಬರುವಾಗ ಒಂದೇ ಮಾತಾಡಿದಳು: “ಎಲ್ಲಾರೂ ನಮ್ಮನ್ನ ನೋಡಿದ್ರು, ಪಪ್ಪಾ.”

ಮುಂದಿನ ಭಾನುವಾರ ಅವಳು ಹೆಡ್‌ಫೋನ್ ಹಾಕಿಕೊಂಡು ಕಾರು ಹತ್ತಿದಳು. ಅದರ ಮುಂದಿನ ವಾರವೂ ಅಷ್ಟೇ. ನನಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ದೊಡ್ಡ ದೇಶದಲ್ಲಿ ನನಗೂ ಅವಳಿಗೂ ಉಳಿದಿದ್ದದ್ದು ಒಂದು ಕಾರಿನಷ್ಟು ಜಾಗ, ಅದನ್ನೂ ಬಾಯಿಬಿಟ್ಟು ಕಳೆದುಕೊಂಡೆನಲ್ಲ ಎನಿಸಿತು.

ಮೊನ್ನೆ ಭಾನುವಾರ ಅವಳು ಹೆಡ್‌ಫೋನ್ ಮನೆಯಲ್ಲೇ ಮರೆತಿದ್ದಳು. ಸ್ವಲ್ಪ ದೂರ ಹೋದ ಮೇಲೆ, ನನ್ನ ಮುಖ ನೋಡದೆ ಫೋನನ್ನು ಸ್ಪೀಕರಿಗೆ ಜೋಡಿಸಿ ಆ ಕೊನೆಯ ಹಾಡನ್ನೇ ಹಾಕಿದಳು. ವಾದ್ಯಗಳು ನಿಂತವು. ನಾನು ಸ್ಟೀರಿಂಗ್ ಬಿಗಿಹಿಡಿದು ಹಲ್ಲು ಕಚ್ಚಿ ಕೂತೆ. ದನಿ ಏರಿತು, ಹೊರಳಿತು, ಬಂದು ಕೂತಿತು. ನನ್ನ ಬಾಯಿಂದ ಉಸಿರೂ ಹೊರಡಲಿಲ್ಲ. ಅಪ್ಪಟ ಜರ್ಮನನಾಗಿದ್ದೆ.

ಮೇಘಾ ಹಾಡನ್ನು ನಿಲ್ಲಿಸಿದಳು. ಏನೋ ತಪ್ಪಿಹೋದಂತೆ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದಳು.

“ಪಪ್ಪಾ, ಇಲ್ಲೆ ನಿನ್ನ ವ್ಹಾ ಬರಬೇಕಿತ್ತಲ್ಲ?”

ಬೆರಳಿನಿಂದ ಹಾಡನ್ನು ಹಿಂದಕ್ಕೆ ಎಳೆದು ಮತ್ತೆ ಹಚ್ಚಿದಳು. ನಾನು ಕಿಟಕಿಯ ಗಾಜನ್ನು ಪೂರ್ತಿ ಏರಿಸಿದೆ. ಎಷ್ಟಾದರೂ ಭಾನುವಾರ ನೋಡಿ.